ಲೆಕ್ಕದಿಂದ ಕೈಬಿಟ್ಟ ಎಕ್ಸ್

ಮೊದಲ ಸೆಮಿಸ್ಟರಿನ ಕೆಮಿಸ್ಟ್ರಿಯಲ್ಲಿ ಬಾಣ ಒಂದೇ ಕಡೆಗೆ ಹೋಗುತ್ತದೆ. ಇಷ್ಟು ಗ್ರಾಂ ಇದಕ್ಕೆ ಇಷ್ಟು ಗ್ರಾಂ ಅದು ಬೆರೆತರೆ ಎಷ್ಟು ಬರುತ್ತದೆ ಎಂದು ಕೇಳುತ್ತಾರೆ, ಮೋಲ್ ಲೆಕ್ಕ ಗೊತ್ತಿದ್ದವರು ಪಾಸಾಗುತ್ತಾರೆ. ಎರಡನೇ ಸೆಮಿಸ್ಟರಿನ ಮೂರನೇ ವಾರದ ಹೊತ್ತಿಗೆ ಬೋರ್ಡಿನ ಮೇಲೆ ಒಂದರ ಕೆಳಗೊಂದು, ಒಂದಕ್ಕೊಂದು ಎದುರಾಗಿ ಎರಡು ಅರ್ಧ ಬಾಣಗಳು ಕಾಣಿಸಿಕೊಳ್ಳುತ್ತವೆ. ಕ್ರಿಯೆ ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆದು ಅರ್ಧದಲ್ಲೇ ನಿಂತಂತೆ ಕಾಣುತ್ತದೆ, ಇದೇ ಸಮತೋಲನ. ಎಷ್ಟು ದೂರ ಹೋಗಿ ನಿಂತಿತು ಎನ್ನುವುದು ಅಲ್ಲಿಂದ ಮುಂದಿನ ಇಡೀ ಕೋರ್ಸಿನ ಪ್ರಶ್ನೆ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಜನರಲ್ ಕೆಮಿಸ್ಟ್ರಿ ಎರಡು ಎನ್ನುತ್ತಾರೆ. ಕ್ರಿಯೆಯ ವೇಗ, ಸಮತೋಲನ, ಆಮ್ಲ ಮತ್ತು ಪ್ರತ್ಯಾಮ್ಲ, ಬಫರ್, ಕರಗುವಿಕೆ, ಎಂಟ್ರೊಪಿ, ವಿದ್ಯುತ್ ರಸಾಯನ ಹೆಚ್ಚುಕಡಿಮೆ ಇದೇ ಸಾಲಿನಲ್ಲಿ ಬರುತ್ತವೆ. ವಾರಕ್ಕೆ ಮೂರು ಗಂಟೆ ಲೆಕ್ಚರ್, ಸುಮಾರು ಮೂರು ಗಂಟೆ ಲ್ಯಾಬ್ ಇರುತ್ತದೆ. ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಅಲ್ಲಿಗೆ ಹೋದವರಿಗೂ, ಇಲ್ಲೇ ಬಿ.ಎಸ್ಸಿ.ಗೆ ಸೇರಿದವರಿಗೂ ಪಾಠದ ಪಟ್ಟಿ ನೋಡಿದೊಡನೆ ಧೈರ್ಯ ಬರುತ್ತದೆ: ಸಮತೋಲನ ಮೊದಲ ಪಿಯುಸಿಯಲ್ಲೇ ಆಗಿದೆ, ವೇಗವೂ ವಿದ್ಯುತ್ ರಸಾಯನವೂ ಎರಡನೇ ಪಿಯುಸಿಯಲ್ಲಿ ಆಗಿವೆ. ಆ ಧೈರ್ಯವೇ ಮೊದಲ ಟೆಸ್ಟಿನಲ್ಲಿ ಕೈಕೊಡುತ್ತದೆ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ಸರಿಯಾದ ಸೂತ್ರ ಥಟ್ಟನೆ ನೆನಪಾದರೆ ಸಾಕು. ಇಲ್ಲಿ ಪರೀಕ್ಷಿಸುವುದು ಬೇರೆಯದನ್ನು. ಲೆಕ್ಕ ಸುಲಭವಾಗಲೆಂದು ಯಾವುದನ್ನು ಕೈಬಿಟ್ಟಿರಿ, ಬಿಡಲು ನಿಮಗೇನು ಅಧಿಕಾರವಿತ್ತು, ಬಿಟ್ಟದ್ದರಿಂದ ಉತ್ತರ ಎಷ್ಟು ಕೆಟ್ಟಿತು? ಎರಡನೇ ಸೆಮಿಸ್ಟರಿನ ಕೆಮಿಸ್ಟ್ರಿ ಎಂದರೆ ಈ ಮೂರು ಪ್ರಶ್ನೆಗಳ ಅಭ್ಯಾಸ ಎಂದು ನಾವು ನಂಬುತ್ತೇವೆ. ಲೆಕ್ಚರಿನಲ್ಲಿ ಬಿಟ್ಟದ್ದು ಲ್ಯಾಬಿನಲ್ಲಿ ಹೇಗೆ ಬಂದು ಎದುರು ನಿಲ್ಲುತ್ತದೆ ಎನ್ನುವುದನ್ನು ಕಂಡವರಿಗೆ ಈ ವಿಷಯ ಮತ್ತೆ ಮರೆಯುವುದಿಲ್ಲ.

ಅಸಿಟಿಕ್ ಆಮ್ಲದಿಂದಲೇ ಹೊರಡೋಣ. ಅದರ ಆಮ್ಲ ಸ್ಥಿರಾಂಕ, ಅಂದರೆ ನೀರಿನಲ್ಲಿ ಎಷ್ಟು ಒಡೆದು ಹೈಡ್ರೋಜನ್ ಅಯಾನು ಕೊಡುತ್ತದೆ ಎನ್ನುವುದರ ಅಳತೆ, 1.8 × 10⁻⁵. ದ್ರಾವಣ 0.10 ಮೋಲಾರ್ (ಲೀಟರಿಗೆ 0.10 ಮೋಲ್) ಇದ್ದರೆ ಪಿಎಚ್, ಅಂದರೆ ಹೈಡ್ರೋಜನ್ ಅಯಾನಿನ ಸಾಂದ್ರತೆಯ ಋಣ ಲಾಗ್, ಎಷ್ಟು? ಆರಂಭ, ಬದಲಾವಣೆ, ಸಮತೋಲನ ಎಂಬ ಮೂರು ಸಾಲಿನ ಕೋಷ್ಟಕ ಬರೆದು, ಒಡೆದ ಪಾಲನ್ನು ಎಕ್ಸ್ ಎಂದುಕೊಂಡರೆ ಛೇದದಲ್ಲಿ ‘0.10 ಕಳೆ ಎಕ್ಸ್’ ಬರುತ್ತದೆ. ಆ ಎಕ್ಸನ್ನು ಬಿಟ್ಟುಬಿಟ್ಟರೆ ವರ್ಗಮೂಲವೊಂದರಲ್ಲಿ ಕೆಲಸ ಮುಗಿದು ಎಕ್ಸ್ 1.34 × 10⁻³ ಆಗುತ್ತದೆ, ಪಿಎಚ್ 2.87. ಬಿಟ್ಟದ್ದು 0.10ರಲ್ಲಿ ಶೇಕಡಾ 1.3 ಮಾತ್ರ, ಹಾಗಾಗಿ ಬಿಟ್ಟದ್ದು ಸರಿ. ಈಗ ಅದೇ ಆಮ್ಲವನ್ನು ನೂರು ಪಟ್ಟು ತೆಳುಮಾಡಿ 0.0010 ಮೋಲಾರ್ ಮಾಡಿ. ಅದೇ ದಾರಿ ಹಿಡಿದರೆ ಎಕ್ಸ್ 1.34 × 10⁻⁴, ಅಂದರೆ ಇದ್ದದ್ದರಲ್ಲಿ ಶೇಕಡಾ 13. ಇದನ್ನು ಬಿಡುವಂತಿಲ್ಲ. ವರ್ಗ ಸಮೀಕರಣ ಬಿಡಿಸಿದರೆ 1.25 × 10⁻⁴ ಬರುತ್ತದೆ, ಪಿಎಚ್ 3.87ರ ಬದಲು 3.90. ಆಮ್ಲ ತೆಳುವಾದಷ್ಟೂ ಒಡೆಯುವ ಪಾಲು ಹೆಚ್ಚುತ್ತದೆ. ಕೈಬಿಟ್ಟ ಎಕ್ಸು ದೊಡ್ಡದಾಗುವುದಕ್ಕೆ ಇದೇ ಕಾರಣ.

ಶೇಕಡಾ 5ರ ಒಳಗಿದ್ದರೆ ಬಿಡಬಹುದು ಎಂಬ ನಿಯಮವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆ ಐದು ಪ್ರಕೃತಿ ಕೊಟ್ಟ ಸಂಖ್ಯೆಯಲ್ಲ. ಸ್ಥಿರಾಂಕಗಳೇ ಎರಡು ಅಂಕಿಯವರೆಗೆ ಮಾತ್ರ ಗೊತ್ತಿರುವಾಗ ಅದಕ್ಕಿಂತ ಸೂಕ್ಷ್ಮ ಲೆಕ್ಕ ಮಾಡಿ ಪ್ರಯೋಜನವಿಲ್ಲ ಎಂಬ ತಿಳಿವಳಿಕೆಯಿಂದ ಬಂದದ್ದು. ಉತ್ತರಪತ್ರಿಕೆಯಲ್ಲಿ ‘ಎಕ್ಸ್ ಚಿಕ್ಕದು’ ಎಂದು ಬರೆದು ಮುಂದೆ ಓಡುವವರು ಅಂಕ ಕಳೆದುಕೊಳ್ಳುತ್ತಾರೆ. ಮೊದಲು ಬಿಟ್ಟು ಲೆಕ್ಕ ಮಾಡಿ, ಬಂದ ಎಕ್ಸನ್ನು ಆರಂಭದ ಸಾಂದ್ರತೆಯಿಂದ ಭಾಗಿಸಿ, ಆ ಶೇಕಡಾವನ್ನು ಪಕ್ಕದಲ್ಲಿ ಬರೆಯಬೇಕು. ಮೂವತ್ತು ಸೆಕೆಂಡಿನ ಕೆಲಸ.

ಇನ್ನೊಂದು ಬಗೆಯ ಮರೆವೂ ಇದೆ. 1.0 × 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು ಎಂದರೆ ಕೈ ತಾನಾಗಿ 8 ಎಂದು ಬರೆದುಬಿಡುತ್ತದೆ. ನೀರಿಗೆ ಆಮ್ಲ ಹಾಕಿದರೆ ಅದು ಪ್ರತ್ಯಾಮ್ಲವಾಗಲು ಹೇಗೆ ಸಾಧ್ಯ? ಇಲ್ಲಿ ಕೈಬಿಟ್ಟದ್ದು ನೀರಿನದೇ 10⁻⁷. ಅದನ್ನೂ ಸಮತೋಲನದ ಲೆಕ್ಕದೊಳಗೆ ಸೇರಿಸಿದರೆ 6.98. ಪಿಎಚ್ 7 ಎಂದರೆ ತಟಸ್ಥ ಎನ್ನುವುದೂ 25 ಡಿಗ್ರಿಯ ಮಾತು. ನೀರು ಒಡೆಯುವುದಕ್ಕೆ ಶಾಖ ಬೇಕು, ಬಿಸಿ ಏರಿದರೆ ಇನ್ನಷ್ಟು ಒಡೆಯುತ್ತದೆ. ಹಾಗಾಗಿ ನಮ್ಮ ಮೈಬಿಸಿಯಾದ 37 ಡಿಗ್ರಿಯಲ್ಲಿ ತಟಸ್ಥ ನೀರಿನ ಪಿಎಚ್ 6.8ರ ಹತ್ತಿರ. ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಸೋರೆನ್‌ಸೆನ್ ಮುಂದಿಟ್ಟದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಅದು ಹುಟ್ಟಿದ್ದೇ ಕೈಕೆಲಸದ ಅಗತ್ಯಕ್ಕೆ.

ಲ್ಯಾಬಿಗೆ ಬರೋಣ. ಸಮತೋಲನದ ಪಾಠದ ಜೊತೆ ಬಹುತೇಕ ಎಲ್ಲ ಕಡೆ ಮಾಡಿಸುವ ಪ್ರಯೋಗ ಫೆರಿಕ್ ಅಯಾನು ಮತ್ತು ಥಯೋಸಯನೇಟ್ ಸೇರಿ ರಕ್ತಗೆಂಪು ಬಣ್ಣ ಕೊಡುವುದು. ಕೆಂಪು ಎಷ್ಟು ಗಾಢವೋ ಸಂಯುಕ್ತ ಅಷ್ಟಿದೆ, ಅದನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 450 ನ್ಯಾನೋಮೀಟರ್ ಆಸುಪಾಸಿನಲ್ಲಿ ಓದುತ್ತೇವೆ. ಆದರೆ ಎಷ್ಟು ಕೆಂಪಿಗೆ ಎಷ್ಟು ಸಾಂದ್ರತೆ ಎಂದು ತಿಳಿಯಲು ಮೊದಲು ಸಾಂದ್ರತೆ ಗೊತ್ತಿರುವ ದ್ರಾವಣ ಬೇಕು. ಸಮತೋಲನದಲ್ಲಿರುವ ವಸ್ತುವಿನ ಸಾಂದ್ರತೆ ಮೊದಲೇ ಗೊತ್ತಿರುವುದಾದರೂ ಹೇಗೆ? ಅದಕ್ಕೊಂದು ಉಪಾಯ. 0.200 ಮೋಲಾರ್ ಫೆರಿಕ್ ನೈಟ್ರೇಟ್ 9.00 ಮಿ.ಲೀ.ಗೆ 2.00 × 10⁻³ ಮೋಲಾರ್ ಥಯೋಸಯನೇಟ್ 1.00 ಮಿ.ಲೀ. ಹಾಕುತ್ತೇವೆ. ಕಬ್ಬಿಣ ಒಂಬೈನೂರು ಪಟ್ಟು ಹೆಚ್ಚಿದೆ, ಹಾಗಾಗಿ ಥಯೋಸಯನೇಟ್ ಪೂರ್ತಿ ಸಂಯುಕ್ತವಾಯಿತು ಎಂದುಕೊಳ್ಳುತ್ತೇವೆ. ನಿಜವಾಗಿ ಪೂರ್ತಿ ಆಗಿರುತ್ತದೆಯೇ? ಈ ಪ್ರಯೋಗದಲ್ಲಿ ಸಮತೋಲನ ಸ್ಥಿರಾಂಕ ಸಾಮಾನ್ಯವಾಗಿ ನೂರು, ಇನ್ನೂರರ ನಡುವೆ ಬರುತ್ತದೆ. 140 ಎಂದಿಟ್ಟುಕೊಂಡರೆ, ಕಬ್ಬಿಣ 0.18 ಮೋಲಾರ್ ಇರುವಲ್ಲಿ ಸಂಯುಕ್ತವಾದದ್ದು ಶೇಕಡಾ 96. ಉಳಿದ ನಾಲ್ಕನ್ನು ನಾವು ಬಿಟ್ಟೆವು. ವರದಿಯಲ್ಲಿ ಈ ನಾಲ್ಕನ್ನು ಲೆಕ್ಕ ಹಾಕಿ ತೋರಿಸಿದ ವಿದ್ಯಾರ್ಥಿಗೆ ಪ್ರಯೋಗ ಅರ್ಥವಾಗಿದೆ ಎಂದು ಧಾರಾಳವಾಗಿ ಹೇಳಬಹುದು.

ಅಳೆಯಬೇಕಾದ ಮಿಶ್ರಣಗಳಲ್ಲಿ ಎರಡೂ ದ್ರಾವಣ 2.00 × 10⁻³ ಮೋಲಾರ್. ಐದೈದು ಮಿ.ಲೀ. ಸೇರಿಸಿದಾಗ ಒಟ್ಟು 10 ಆಗಿ ಎರಡೂ 1.00 × 10⁻³ಕ್ಕೆ ಇಳಿಯುತ್ತವೆ. ಬಾಟಲಿಯ ಮೇಲಿನ ಸಂಖ್ಯೆಯನ್ನೇ ಕೋಷ್ಟಕದ ಮೊದಲ ಸಾಲಿಗೆ ಬರೆಯುವುದು ಈ ಪ್ರಯೋಗದ ಅತಿ ಸಾಮಾನ್ಯ ತಪ್ಪು. ಮತ್ತೆ 140 ಎಂದುಕೊಂಡರೆ ಇಲ್ಲಿ ಸಂಯುಕ್ತವಾಗುವುದು ಸುಮಾರು ಶೇಕಡಾ 11 ಮಾತ್ರ. ಅದೇ ಎರಡು ವಸ್ತು, ಅದೇ ಸ್ಥಿರಾಂಕ, ಒಂದು ಕಡೆ 96, ಇನ್ನೊಂದು ಕಡೆ 11. ಸಮತೋಲನವನ್ನು ಕದಲಿಸಿದರೆ ಅದು ಆ ಬದಲಾವಣೆಯನ್ನು ತಗ್ಗಿಸುವ ಕಡೆಗೆ ಸರಿಯುತ್ತದೆ ಎನ್ನುವ ಲ ಶಾಟ್ಲಿಯೆ ತತ್ತ್ವವನ್ನು ಹತ್ತು ಸಲ ಓದುವುದಕ್ಕಿಂತ ಈ ಎರಡು ಸಂಖ್ಯೆಗಳನ್ನು ಒಮ್ಮೆ ಕೈಯಾರೆ ಕಂಡುಹಿಡಿಯುವುದು ಮೇಲು.

ಕೈಕೆಲಸದಲ್ಲಿ ಕೆಡುವ ಜಾಗಗಳು ಕೆಲವಿವೆ. ಫೆರಿಕ್ ದ್ರಾವಣವನ್ನು ನೈಟ್ರಿಕ್ ಆಮ್ಲದಲ್ಲಿ ಮಾಡಿರುತ್ತಾರೆ. ಆಮ್ಲವಿಲ್ಲದಿದ್ದರೆ ಕಬ್ಬಿಣ ನೀರಿನೊಂದಿಗೆ ಸೇರಿ ಹೈಡ್ರಾಕ್ಸೈಡಿನ ಕಡೆಗೆ ಹೋಗಿ ದ್ರಾವಣ ಹಳದಿ ಮಿಶ್ರಿತ ಕಂದಾಗುತ್ತದೆ. ತೆಳುಮಾಡುವಾಗಲೂ ಬರೀ ನೀರು ಹಾಕದೆ ಅದೇ ಆಮ್ಲವನ್ನು ಬಳಸಬೇಕು. ಕ್ಲೋರೈಡ್ ಬಿಟ್ಟು ನೈಟ್ರೇಟನ್ನೇ ಆರಿಸುವುದಕ್ಕೂ ಕಾರಣವಿದೆ: ಕಬ್ಬಿಣ ಕ್ಲೋರೈಡಿನ ಜೊತೆಗೂ ಸೇರಿ ತನ್ನದೇ ಹಳದಿ ಬಣ್ಣ ಕೊಡುತ್ತದೆ. ಮಿಶ್ರಣ ಮಾಡಿದ ಮೇಲೆ ಹೆಚ್ಚು ಹೊತ್ತು ಬೆಳಕಿನಲ್ಲಿಟ್ಟರೆ ಕೆಂಪು ನಿಧಾನವಾಗಿ ಮಾಸುತ್ತದೆ, ಕೆಲವೇ ನಿಮಿಷದಲ್ಲಿ ಓದಿ ಮುಗಿಸಿ. ಕ್ಯುವೆಟ್ಟನ್ನು ಒರಟು ಮೈಯ ಕಡೆ ಹಿಡಿಯಿರಿ, ನುಣುಪು ಮೈಯ ಮೇಲಿನ ಬೆರಳಚ್ಚನ್ನೂ ಯಂತ್ರ ಬಣ್ಣವೆಂದೇ ಎಣಿಸುತ್ತದೆ.

ಬಲ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಇನ್ನೊಂದರ ಬಲ ಅಳೆಯುವ ಟೈಟ್ರೇಶನ್ ಎಲ್ಲರಿಗೂ ಪಿಯುಸಿಯಿಂದಲೇ ಪರಿಚಯ, ಹಾಗಾಗಿ ಅದರಲ್ಲಿ ಅಸಡ್ಡೆಯೂ ಹೆಚ್ಚು. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳನ್ನು ಎಷ್ಟೇ ಸೂಕ್ಷ್ಮವಾಗಿ ತೂಗಿದರೂ ದ್ರಾವಣದ ಬಲ ಗೊತ್ತಾಗುವುದಿಲ್ಲ. ತಕ್ಕಡಿಯ ಮೇಲಿರುವಾಗಲೇ ಅವು ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಎಳೆದುಕೊಳ್ಳುತ್ತವೆ. ಅದಕ್ಕೇ ಸರಿಯಾಗಿ ತೂಗಬಲ್ಲ ಘನ ಆಮ್ಲವಾದ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಬೇಕಾಗುವುದು. ಇದನ್ನು 110 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಡೆಸಿಕೇಟರಿನಲ್ಲಿ ಆರಿಸಿ ತೂಗಬಹುದು. ಮೋಲಾರ್ ತೂಕ 204.22. ಸುಮಾರು 0.51 ಗ್ರಾಂ ತೆಗೆದುಕೊಂಡರೆ 0.1 ಮೋಲಾರ್ ಹೈಡ್ರಾಕ್ಸೈಡ್ 25 ಮಿ.ಲೀ. ಹತ್ತಿರ ಮುಗಿಯುತ್ತದೆ. 0.51 ಸರಿಯಾಗಿ ಬೀಳಲೇಬೇಕೆಂದು ಚಮಚದಲ್ಲಿ ಹಾಕಿ ತೆಗೆದು ಹೊತ್ತು ಕಳೆಯಬೇಡಿ. ಎಷ್ಟು ಬಿತ್ತೋ ಅದನ್ನು ನಾಲ್ಕು ದಶಮಾಂಶದವರೆಗೆ ಬರೆದುಕೊಂಡರೆ ಆಯಿತು.

ಬ್ಯುರೆಟ್ಟನ್ನು ಅದರೊಳಗೆ ತುಂಬುವ ದ್ರಾವಣದಿಂದಲೇ ಎರಡು ಸಲ ತೊಳೆಯಬೇಕು, ಕೋನಿಕಲ್ ಫ್ಲಾಸ್ಕನ್ನು ನೀರಿನಿಂದ ಮಾತ್ರ. ಇದು ಉಲ್ಟಾ ಆದರೆ ಎರಡೂ ಕಡೆ ಲೆಕ್ಕ ಕೆಡುತ್ತದೆ: ಬ್ಯುರೆಟ್ಟಿನಲ್ಲಿ ಉಳಿದ ನೀರು ದ್ರಾವಣವನ್ನು ತೆಳುಮಾಡುತ್ತದೆ, ಫ್ಲಾಸ್ಕಿನಲ್ಲಿ ಉಳಿದ ದ್ರಾವಣ ಮೋಲ್‌ಗಳನ್ನು ಕೂಡಿಸುತ್ತದೆ. ಫ್ಲಾಸ್ಕಿನಲ್ಲಿ ನೀರು ಉಳಿದರೆ ಚಿಂತೆಯಿಲ್ಲ, ಮೋಲ್ ಎಷ್ಟಿದೆಯೋ ಅಷ್ಟೇ ಇರುತ್ತದೆ. ತುದಿಯಲ್ಲಿ ಗಾಳಿಗುಳ್ಳೆ ಇದ್ದರೆ ಮೊದಲೇ ಹೊರಡಿಸಿ. ಫನೆಲ್ ಮೇಲೆಯೇ ಬಿಟ್ಟರೆ ನಡುವೆ ಒಂದು ಹನಿ ಜಾರಿ ಓದು ತಪ್ಪುತ್ತದೆ. ಒಂದು ಹನಿ ಎಂದರೆ ಸುಮಾರು 0.05 ಮಿ.ಲೀ. ಗೆರೆ 0.1ಕ್ಕೊಂದು ಇದ್ದರೂ ಎರಡು ಗೆರೆಯ ನಡುವೆ ಅಂದಾಜಿಸಿ 23.40 ಎಂದು ಬರೆಯಬೇಕು. 23.4 ಎಂದು ಬರೆದರೆ ನೋಡಿದ್ದನ್ನು ಪೂರ್ತಿ ಬರೆದಂತಾಗಲಿಲ್ಲ. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಿ ಬೀಳಿಸಬಾರದು. ಆ ಹನಿ ಉಳಿಯುತ್ತದೆಂದೇ ಗೆರೆ ಹಾಕಿರುತ್ತಾರೆ.

25.00 ಮಿ.ಲೀ. 0.100 ಮೋಲಾರ್ ಅಸಿಟಿಕ್ ಆಮ್ಲಕ್ಕೆ ಅದೇ ಬಲದ ಹೈಡ್ರಾಕ್ಸೈಡ್ ಬಿಡುತ್ತಾ ಹೋಗಿ ನೋಡಿ. 12.50ರಲ್ಲಿ ಅರ್ಧ ಆಮ್ಲ ಲವಣವಾಗಿದೆ, ಅಲ್ಲಿ ಪಿಎಚ್ 4.74, ಅಂದರೆ ನೇರವಾಗಿ ಆಮ್ಲ ಸ್ಥಿರಾಂಕದ ಋಣ ಲಾಗ್. 24.95ರಲ್ಲಿ 7.4. ಸರಿಯಾಗಿ 25.00ರಲ್ಲಿ 8.72. 25.05ರಲ್ಲಿ 10.0. ಎರಡೇ ಹನಿಯಲ್ಲಿ ಎರಡೂವರೆ ಘಟಕದ ಜಿಗಿತ. ಬಣ್ಣಸೂಚಕವಾದ ಫಿನಾಲ್ಫ್ತಲೀನ್ 8.3ರ ಹತ್ತಿರ ಬಣ್ಣ ತಿರುಗುತ್ತದೆ, ಅದು ಈ ಜಿಗಿತದೊಳಗೇ ಇದೆ. ಮೀಥೈಲ್ ಆರೆಂಜ್ ಹಾಕಿದವರಿಗೆ 8 ಮಿ.ಲೀ. ಆಗುವ ಹೊತ್ತಿಗೇ ಬಣ್ಣ ಪೂರ್ತಿ ತಿರುಗಿ, ಆಮ್ಲದ ಮೂರನೇ ಎರಡು ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಗುಲಾಬಿ ಬಂದು ಅರ್ಧ ನಿಮಿಷ ನಿಂತರೆ ಸಾಕು. ಆಮೇಲೆ ಅದು ಮಾಸುವುದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗುವುದರಿಂದ. ಮಾಸಿತೆಂದು ಇನ್ನೊಂದು ಹನಿ, ಮತ್ತೊಂದು ಹನಿ ಎಂದು ಹಾಕುತ್ತಾ ಹೋದರೆ ಕೋಣೆಯ ಗಾಳಿಯನ್ನೇ ಟೈಟ್ರೇಟ್ ಮಾಡಿದಂತಾಗುತ್ತದೆ.

ಬಫರ್ ಎಂದರೆ ಸ್ವಲ್ಪ ಆಮ್ಲವೋ ಪ್ರತ್ಯಾಮ್ಲವೋ ಬಿದ್ದರೂ ಪಿಎಚ್ ಹೆಚ್ಚು ಕದಲದ ದ್ರಾವಣ. ಅದರ ಲೆಕ್ಕದಲ್ಲಿ ಒಂದೇ ಶಿಸ್ತು ಬೇಕು: ಮೊದಲು ಮೋಲ್, ಆಮೇಲೆ ಲಾಗ್. ಅಸಿಟಿಕ್ ಆಮ್ಲ ಮತ್ತು ಅಸಿಟೇಟ್ ಎರಡೂ 0.10 ಮೋಲಾರ್ ಇರುವ 100 ಮಿ.ಲೀ. ಬಫರಿಗೆ 1.0 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 1.0 ಮಿ.ಲೀ. ಹಾಕಿದರೆ ಹತ್ತು ಮಿಲಿಮೋಲ್ ಅಸಿಟೇಟ್ ಒಂಬತ್ತಾಗುತ್ತದೆ, ಹತ್ತು ಮಿಲಿಮೋಲ್ ಆಮ್ಲ ಹನ್ನೊಂದಾಗುತ್ತದೆ. ಪಿಎಚ್ 4.74ರಿಂದ 4.66ಕ್ಕೆ ಇಳಿಯಿತು, ಅಷ್ಟೇ. ಅದೇ ಒಂದು ಮಿ.ಲೀ. ಬರೀ ನೀರಿಗೆ ಬಿದ್ದಿದ್ದರೆ ಪಿಎಚ್ 2.0. ಹತ್ತು ಮಿ.ಲೀ. ಹಾಕಿದರೆ ಅಸಿಟೇಟ್ ಮುಗಿದೇಹೋಗುತ್ತದೆ, ಅಲ್ಲಿ ಬಫರ್ ಸೂತ್ರ ಬಳಸಿದವರ ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಆ ಎರರ್ ಕೂಡ ಒಂದು ಉತ್ತರವೇ. ಹೆಂಡರ್ಸನ್ ಹ್ಯಾಸೆಲ್‌ಬಾಲ್ಕ್ ಎಂಬ ಈ ಬಫರ್ ಸೂತ್ರದೊಳಗೆ ಎಕ್ಸನ್ನು ಮೊದಲೇ ಕೈಬಿಟ್ಟಾಗಿದೆ. ಆಮ್ಲ, ಲವಣ ಎರಡೂ ಸಾಕಷ್ಟು ಇರುವವರೆಗೆ ಮಾತ್ರ ಅದು ನಡೆಯುತ್ತದೆ.

ನಮಗೆ ಬಹಳ ಇಷ್ಟದ ಪ್ರಯೋಗ ಸುಣ್ಣದ ತಿಳಿಯದು. ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ನೀರಿನಲ್ಲಿ ಚೆನ್ನಾಗಿ ಕಲಕಿ, ತಳದಲ್ಲಿ ಗಷ್ಟು ಉಳಿಯುವಂತೆ ಬಿಟ್ಟು, ಮೇಲಿನ ತಿಳಿಯನ್ನು ಸೋಸಿ, 25.00 ಮಿ.ಲೀ. ತೆಗೆದು 0.0500 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಟೈಟ್ರೇಟ್ ಮಾಡುವುದು. ಫನೆಲ್, ಬೀಕರ್ ಒಣಗಿರಬೇಕು, ಸೋಸುವ ಕಾಗದವನ್ನು ನೀರಿನಿಂದ ಒದ್ದೆ ಮಾಡಬಾರದು, ಮೊದಲು ಇಳಿದ ಕೆಲವು ಮಿ.ಲೀ. ಚೆಲ್ಲಬೇಕು. ಕಣ್ಣಿಗೆ ಕಾಣದ ಸುಣ್ಣದ ಪುಡಿ ಸ್ವಲ್ಪ ಸೇರಿದರೂ ಆಮ್ಲ ಹೆಚ್ಚು ಹಿಡಿಯುತ್ತದೆ. ಹೊತ್ತು ಬಿಟ್ಟರೆ ಮೇಲೆ ಕೆನೆಯಂತೆ ಪದರ ಕಟ್ಟುತ್ತದೆ. ಅದು ಗಾಳಿಯಿಂದ ಆದ ಕ್ಯಾಲ್ಸಿಯಂ ಕಾರ್ಬೊನೇಟ್, ನಮ್ಮ ಗೋಡೆಗೆ ಹೊಡೆದ ಸುಣ್ಣ ಗಟ್ಟಿಯಾಗುವುದೂ ಇದರಿಂದಲೇ.

21.5 ಮಿ.ಲೀ. ಆಮ್ಲ ಹಿಡಿಯಿತು ಎನ್ನೋಣ. ಹೈಡ್ರಾಕ್ಸೈಡ್ 0.043 ಮೋಲಾರ್, ಕ್ಯಾಲ್ಸಿಯಂ ಅದರರ್ಧ, ಕರಗುವಿಕೆಯ ಗುಣಲಬ್ಧ (ಕ್ಯಾಲ್ಸಿಯಂ ಸಾಂದ್ರತೆಯನ್ನು ಹೈಡ್ರಾಕ್ಸೈಡ್ ಸಾಂದ್ರತೆಯ ವರ್ಗದಿಂದ ಗುಣಿಸಿದ್ದು) 4.0 × 10⁻⁵. ಪುಸ್ತಕ ತೆರೆದರೆ ಅಲ್ಲಿರುವುದು 5 × 10⁻⁶ರ ಆಸುಪಾಸು. ಎಂಟು ಪಟ್ಟು ವ್ಯತ್ಯಾಸ! ಈ ಹಂತದಲ್ಲಿ ವಿದ್ಯಾರ್ಥಿಗಳು ವರದಿಯಲ್ಲಿ ‘ಮಾನವ ದೋಷ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ, ಕೆಲವರು ಓದನ್ನೇ ತಿದ್ದುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಬ್ಯುರೆಟ್ ಸುಳ್ಳು ಹೇಳಿಲ್ಲ. ಸುಣ್ಣ ನಿಜಕ್ಕೂ ನೀರಿನಲ್ಲಿ ಅಷ್ಟೇ ಕರಗುತ್ತದೆ, ಲೀಟರಿಗೆ ಒಂದೂವರೆ ಗ್ರಾಂಗಿಂತ ತುಸು ಹೆಚ್ಚು. ಕೆಟ್ಟದ್ದು ಲೆಕ್ಚರಿನಲ್ಲಿ ಸದ್ದಿಲ್ಲದೆ ಕೈಬಿಟ್ಟ ಎರಡು ಸಂಗತಿಗಳಿಂದ. ಅಯಾನುಗಳು ಇಷ್ಟು ದಟ್ಟವಾಗಿರುವಾಗ ಒಂದನ್ನೊಂದು ಸುತ್ತುವರಿದು ತಮ್ಮ ಪೂರ್ತಿ ಬಲ ತೋರಿಸುವುದಿಲ್ಲ. ಆ ತಿದ್ದುಪಡಿ ಮಾಡಿದರೆ ನಿಮ್ಮ ಸಂಖ್ಯೆ 1.1 × 10⁻⁵ರ ಹತ್ತಿರ ಇಳಿಯುತ್ತದೆ. ಉಳಿದ ಅಂತರಕ್ಕೆ ಮುಖ್ಯ ಕಾರಣ ಒಂದು ಕ್ಯಾಲ್ಸಿಯಂ, ಒಂದು ಹೈಡ್ರಾಕ್ಸೈಡ್ ಅಂಟಿಕೊಂಡೇ ತಿರುಗುವ ಜೋಡಿಗಳು. ಆಮ್ಲ ಅವನ್ನೂ ಎಣಿಸುತ್ತದೆ, ಗುಣಲಬ್ಧ ಎಣಿಸಬಾರದು. ಇದರ ಮೇಲೆ ಘನದ (ಮೂರನೇ ಘಾತದ) ಏಟು ಬೇರೆ: ಕರಗುವಿಕೆಯಲ್ಲಿ ಶೇಕಡಾ 3 ತಪ್ಪಿದರೆ ಗುಣಲಬ್ಧದಲ್ಲಿ 9 ತಪ್ಪುತ್ತದೆ.

ಸುಣ್ಣದ ಇನ್ನೊಂದು ಗುಣ ಪರೀಕ್ಷೆಯಲ್ಲಿ ಬರುತ್ತದೆ. ಬಿಸಿ ಮಾಡಿದರೆ ಅದು ಕಡಿಮೆ ಕರಗುತ್ತದೆ, ಏಕೆಂದರೆ ಕರಗುವಾಗ ಶಾಖ ಹೊರಬರುತ್ತದೆ. ಅಕ್ಕಸಾಲಿಗರ ಬಿಳಿಗಾರ ಇದಕ್ಕೆ ತದ್ವಿರುದ್ಧ, ಬಿಸಿ ಏರಿದಷ್ಟೂ ಧಾರಾಳವಾಗಿ ಕರಗುತ್ತದೆ. ಅದಕ್ಕೇ ಎಂಟ್ರೊಪಿಯ ಪಾಠಕ್ಕೆ ಬಿಳಿಗಾರದ ಪ್ರಯೋಗ ಇಡುತ್ತಾರೆ: ನಾಲ್ಕೈದು ಉಷ್ಣಾಂಶಗಳಲ್ಲಿ ಗುಣಲಬ್ಧ ಕಂಡುಹಿಡಿದು, ಅದರ ನೈಸರ್ಗಿಕ ಲಾಗನ್ನು ಕೆಲ್ವಿನ್ ಉಷ್ಣಾಂಶದ ವಿಲೋಮದ ಎದುರು ಗುರುತಿಸಿದರೆ ಗೆರೆಯ ಇಳಿಜಾರು ಎಂಥಾಲ್ಪಿ (ಕರಗುವಾಗಿನ ಶಾಖದ ಲೆಕ್ಕ) ಕೊಡುತ್ತದೆ. ಇಲ್ಲಿ ಕೆಡುವುದು ಪಿಪೆಟ್ಟಿನಲ್ಲಿ. ಬಿಸಿ ದ್ರಾವಣ ತಣ್ಣನೆಯ ಗಾಜಿಗೆ ಏರಿದೊಡನೆ ಹರಳುಗಟ್ಟುತ್ತದೆ. ಪಿಪೆಟ್ಟನ್ನು ಮೊದಲು ಬೆಚ್ಚಗೆ ಮಾಡಿ, ಹರಳು ಕಂಡರೆ ಬಿಸಿ ನೀರಿನಿಂದ ಅದೇ ಫ್ಲಾಸ್ಕಿಗೆ ತೊಳೆದು ಇಳಿಸಿ.

ಕ್ರಿಯೆಯ ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಯೋಡೈಡಿನಿಂದ ಪರ್‌ಸಲ್ಫೇಟ್ ಹುಟ್ಟಿಸುವ ಅಯೋಡಿನ್ನನ್ನು ಥಯೋಸಲ್ಫೇಟ್ ಹೀರುತ್ತದೆ, ಅದು ಮುಗಿದೊಡನೆ ಪಿಷ್ಟ ನೀಲಿಯಾಗುತ್ತದೆ: ಇದು ಅಯೋಡಿನ್ ಗಡಿಯಾರ. ಈ ಪ್ರಯೋಗದಲ್ಲಿ ಥಯೋಸಲ್ಫೇಟನ್ನು ಅಷ್ಟು ಸ್ವಲ್ಪ ಏಕೆ ಹಾಕುತ್ತಾರೆ ಎನ್ನುವುದು ತಿಳಿದರೆ ಅರ್ಧ ಪಾಠ ಬಂದಂತೆ. ಪರ್‌ಸಲ್ಫೇಟಿನಲ್ಲಿ ಚಿಕ್ಕದೊಂದು ಪಾಲು ಖರ್ಚಾಗುವಷ್ಟರಲ್ಲಿ ನೀಲಿ ಬರಬೇಕು, ಆಗ ಮಾತ್ರ ಸಾಂದ್ರತೆ ಬದಲಾಗಲೇ ಇಲ್ಲ ಎಂದು ಬಿಟ್ಟು ಅದನ್ನು ಆರಂಭದ ವೇಗ ಎನ್ನಬಹುದು. ಪಿಷ್ಟ ಅವತ್ತೇ ಕಾಯಿಸಿದ್ದಾಗಿರಲಿ. ಎರಡೂ ಬೀಕರುಗಳು ಬೆರೆಸುವ ಮುಂಚೆಯೇ ಒಂದೇ ಉಷ್ಣಾಂಶಕ್ಕೆ ಬಂದಿರಲಿ. ಸಕ್ರಿಯಣ ಶಕ್ತಿ (ಕ್ರಿಯೆ ಶುರುವಾಗಲು ಬೇಕಾದ ಶಕ್ತಿ) ಮೋಲಿಗೆ 50 ಕಿಲೋಜೌಲ್ ಇರುವ ಕ್ರಿಯೆ 25ರಿಂದ 35 ಡಿಗ್ರಿಗೆ ಹೋದರೆ 1.9 ಪಟ್ಟು ವೇಗವಾಗುತ್ತದೆ, ಅಲ್ಲಿ ಒಂದು ಡಿಗ್ರಿಗೂ ಬೆಲೆಯಿದೆ.

ಸೆಮಿಸ್ಟರಿನ ಕೊನೆಯ ವಾರಗಳಲ್ಲಿ ವೋಲ್ಟ್‌ಮೀಟರ್ ಬರುತ್ತದೆ. ಎರಡು ಬೀಕರ್, ಎರಡು ಬೆಳ್ಳಿ ತಂತಿ. ಒಂದರಲ್ಲಿ 0.010 ಮೋಲಾರ್ ಸಿಲ್ವರ್ ನೈಟ್ರೇಟ್. ಇನ್ನೊಂದರಲ್ಲಿ 0.10 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, ಅದಕ್ಕೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟು ಬಿಳಿ ಮೋಡ ಎಬ್ಬಿಸಿರುತ್ತೇವೆ. ನಡುವಿನ ಸೇತುವೆಗೆ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ನೆನೆಸಿದ ಕಾಗದದ ಪಟ್ಟಿ. ಕ್ಲೋರೈಡ್ ಇರುವ ಸೇತುವೆಯಾದರೆ ಬೆಳ್ಳಿಯ ಬೀಕರಿನ ಕಡೆಯ ತುದಿಯಲ್ಲೇ ಸಿಲ್ವರ್ ಕ್ಲೋರೈಡ್ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಪಟ್ಟಿ ಒಣಗಿದರೂ ಓದು ಅಲೆದಾಡುತ್ತದೆ. ತಂತಿಗಳನ್ನು ಮರಳು ಕಾಗದದಿಂದ ಉಜ್ಜಿ ತೊಳೆದು ಇಳಿಸಿದರೆ ಮೀಟರ್ 0.40 ವೋಲ್ಟ್ ಹತ್ತಿರ ನಿಲ್ಲುತ್ತದೆ. ನೆರ್ನ್‌ಸ್ಟ್ ಸಮೀಕರಣಕ್ಕೆ (ವೋಲ್ಟೇಜನ್ನು ಸಾಂದ್ರತೆಗೆ ಜೋಡಿಸುವ ಸೂತ್ರ) ಹಾಕಿದರೆ ಕ್ಲೋರೈಡಿನ ಬೀಕರಿನಲ್ಲಿ ಕರಗಿ ಉಳಿದ ಬೆಳ್ಳಿ 1.8 × 10⁻⁹ ಮೋಲಾರ್ ಎಂದು ಗೊತ್ತಾಗುತ್ತದೆ, ಅದರಿಂದ ಸಿಲ್ವರ್ ಕ್ಲೋರೈಡಿನ ಗುಣಲಬ್ಧ 1.8 × 10⁻¹⁰. ಇಡೀ ಸೆಮಿಸ್ಟರ್ ಇಂಥ ಸಣ್ಣ ಸಂಖ್ಯೆಗಳನ್ನು ಕೈಬಿಡುತ್ತಾ ಬಂದೆವು. ಯಾವ ಬ್ಯುರೆಟ್ಟಿಗೂ ಕಾಣದ ಈ ಬೆಳ್ಳಿ ಮಾತ್ರ ಮೇಜಿನ ಮೇಲಿನ ಮೀಟರಿನ ಮುಳ್ಳನ್ನು ಕದಲಿಸುತ್ತಿದೆ. ಓದುವಾಗ ಎಚ್ಚರವಿರಲಿ: ಇಲ್ಲಿ ಸಾಂದ್ರತೆ ಲಾಗಿನೊಳಗೆ ಕೂತಿದೆ, 10 ಮಿಲಿವೋಲ್ಟ್ ಹೆಚ್ಚುಕಡಿಮೆಯಾದರೆ ಗುಣಲಬ್ಧ ಸುಮಾರು ಒಂದೂವರೆ ಪಟ್ಟು ಆಚೀಚೆ ಆಗುತ್ತದೆ.